ನಾನು ಅಳಿಸಿದ ಬುಧವಾರದ ರೆಕಾರ್ಡಿಂಗ್

೨೦೧೨ರ ನವೆಂಬರ್ ೨೨, ಗುರುವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕುಷ್ಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿದ್ದವರು ಇಬ್ಬರು—ನಾನು, ಮತ್ತು ಮಂಚದ ಮೇಲೆ ನಿದ್ದೆ ಹೋಗಿದ್ದ ನಮ್ಮ ಅತ್ತೆ. ಆ ಹೊತ್ತಿನಲ್ಲಿ ಮಾಬುಬಿಯ ಗಂಡ ದಾವಲಸಾಬನನ್ನು ನಾನು ಟಿವಿಯಲ್ಲಿ ಕಂಡೆ. ಮನೆ ಬಿಟ್ಟು ಹೋಗಿ ಆರು ವರ್ಷವಾಗಿದ್ದ, ಸತ್ತನೋ ಬದುಕಿದ್ದಾನೋ ಗೊತ್ತಿಲ್ಲದ ಗಂಡ. ಅವಳು ನಾಲ್ಕು ಗಂಟೆಗೆ ಕೆಲಸಕ್ಕೆ ಬರುವವಳಿದ್ದಳು. ಅಷ್ಟರೊಳಗೆ ಆ ರೆಕಾರ್ಡಿಂಗನ್ನು ಅಳಿಸಿಬಿಟ್ಟೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯಬೇಕು.

ನಾನು ಮೂವತ್ತೊಂದು ವರ್ಷ ಸರ್ಕಾರಿ ನರ್ಸ್ ಆಗಿದ್ದವಳು. ಕಲಿಸಿದವರು ಕಟ್ಟುನಿಟ್ಟಿನವರು—ನೋಡದ ಜ್ವರವನ್ನು ಬರೆಯಬಾರದು, ಕೊಡದ ಔಷಧಿಗೆ ಗುರುತು ಹಾಕಬಾರದು. ನಿವೃತ್ತಿಯಾದ ವರ್ಷ ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್ ತಂದಾಗ ಅದನ್ನೂ ವಾರ್ಡಿನಂತೆಯೇ ನಡೆಸಿದೆ. ಓಣಿಯಲ್ಲಿ ಅಂಥ ಬಾಕ್ಸ್ ಇದ್ದದ್ದು ನಮ್ಮೊಬ್ಬರ ಮನೆಯಲ್ಲಿ. ಹೊಲಕ್ಕೆ ಹೋಗುವವರು, ಅಂಗಡಿಯಲ್ಲಿ ಕೂಡುವವರು ತಮಗೆ ತಪ್ಪಿದ ಧಾರಾವಾಹಿಯನ್ನು ಹಿಡಿದಿಡಲು ಹೇಳಿ ಹೋಗುವರು. ಅದಕ್ಕೊಂದು ನೋಟ್‌ಬುಕ್ ಇಟ್ಟೆ: ಯಾವ ಕಾರ್ಯಕ್ರಮ, ಕೇಳಿದವರು ಯಾರು, ನೋಡಿದರೋ ಇಲ್ಲವೋ. ಮರುದಿನ ಮೂರು ಗಂಟೆಗೆ ಎಲ್ಲವೂ ಸರಿಯಾಗಿ ಬಂದಿದೆಯೇ ಎಂದು ನಾನೇ ಮೊದಲು ಪರೀಕ್ಷಿಸುವುದು. ಕೇಳಿದವರು ಬಂದು ನೋಡಿ, ತಮ್ಮ ಕೈಯಾರೆ ಗುರುತು ಹಾಕುವವರೆಗೆ ಏನನ್ನೂ ಅಳಿಸುವಂತಿಲ್ಲ. ಹಾಗೆಂದು ನಿಯಮ ಮಾಡಿದವಳು ನಾನೇ.

ಮಾಬುಬಿ ನಮ್ಮ ಮನೆಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಅತ್ತೆಯನ್ನು ನೋಡಿಕೊಳ್ಳಲು ಬರುತ್ತಿದ್ದಳು. ನನ್ನ ಯಜಮಾನರು ತೀರಿ ಬಹಳ ವರ್ಷವಾಗಿತ್ತು. ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಎತ್ತಿ ಕೂಡಿಸುವುದು, ಮಗ್ಗುಲು ಬದಲಿಸುವುದು, ಮೈ ಒರೆಸುವುದು ಎಲ್ಲ ಅವಳದೇ. ನನ್ನ ಬೆನ್ನಿಗೆ ಆ ಭಾರ ತಡೆಯುತ್ತಿರಲಿಲ್ಲ. ಅತ್ತೆಯೂ ಅವಳ ಕೈಯಿಂದಲ್ಲದೆ ತುತ್ತು ನುಂಗುತ್ತಿರಲಿಲ್ಲ.

ಅವಳು ಕೇಳಿದ್ದು ಒಂದೇ ಕಾರ್ಯಕ್ರಮ. ಬುಧವಾರ ರಾತ್ರಿ, ಅವಳು ಮನೆಗೆ ಹೋದ ಮೇಲೆ, ಒಂದು ಸಣ್ಣ ವಾಹಿನಿಯವರು ಊರೂರು ತಿರುಗಿ ಅಲ್ಲಲ್ಲಿನ ತಿಂಡಿ ಗಾಡಿಗಳನ್ನು ತೋರಿಸುತ್ತಿದ್ದರು. ಅವಳಿಗೆ ತಿಂಡಿ ಬೇಕಿರಲಿಲ್ಲ. ದಾವಲಸಾಬ ಬಸ್‌ಸ್ಟ್ಯಾಂಡ್ ಹತ್ತಿರ ಒಗ್ಗಾಣಿ-ಮಿರ್ಚಿ ಮಾಡುತ್ತಿದ್ದವನು.

"ಅಂವಗ ಬ್ಯಾರೆ ಏನ್ ಕೆಲಸ ಬರತೈತ್ರಿ ಅಕ್ಕಾರ? ಎಲ್ಲಿದ್ರೂ ಒಲಿ ಮುಂದನ ಇರ್ತಾನ. ಒಂದಿಲ್ಲ ಒಂದ್ ದಿನ ಇದರಾಗ ಸಿಗ್ತಾನ ನೋಡ್ರಿ," ಎಂದಿದ್ದಳು.

ನಿಲ್ಲಿಸಿ ನೋಡುವ ಗುಂಡಿಯನ್ನು ನಾನೇ ತೋರಿಸಿಕೊಟ್ಟೆ. ಗುರುವಾರ ನಾಲ್ಕಕ್ಕೆ ಬಂದು, ಅತ್ತೆಗೆ ಚಹಾ ಕುಡಿಸಿ, ನೆಲದ ಮೇಲೆ ಕುಳಿತು, ಜನ ಕಂಡಲ್ಲೆಲ್ಲ ಚಿತ್ರ ನಿಲ್ಲಿಸಿ ಹಿಂದೆ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುವಳು. ಅತ್ತೆ ಮಲಗಿದಲ್ಲಿಂದಲೇ ಚೇಷ್ಟೆ ಮಾಡುವರು.

"ಸಿಕ್ರ ಮೊದಲ ನನಗೊಂದ್ ಪ್ಲೇಟ್ ಮಿರ್ಚಿ ಕಳಸಂತ ಹೇಳವಾ. ಆಮ್ಯಾಲ ನಿನ್ನ ಜಗಳ."

"ನಿಮಗ ಹಲ್ಲನ ಇಲ್ಲಲ್ರಿ ಅಮ್ಮಾರ."

"ಅದಕ್ಕನ ಮೆತ್ತಗ ಕರಿ ಅನ್ನು."

ನನಗೆ ಒಳಗೊಳಗೇ ನಗು. ಹೀಗೆಲ್ಲ ಯಾರಾದರೂ ಸಿಗುತ್ತಾರೆಯೇ—ಎಂದುಕೊಳ್ಳುತ್ತಿದ್ದೆ.

ಸಿಕ್ಕ. ಮಡಗಾಂವದ ಮಾರುಕಟ್ಟೆ, ಗೋವಾಕ್ಕೆ ದುಡಿಯಲು ಹೋದ ನಮ್ಮ ಕಡೆಯವರ ತಿಂಡಿ ಎಂದು ತೋರಿಸುತ್ತಿದ್ದರು. ಗಾಡಿಯ ಹಿಂದೆ ಎಣ್ಣೆಯ ಹೊಗೆಯಲ್ಲಿ ಒಬ್ಬ. ಚಿತ್ರ ನಿಲ್ಲಿಸಿದೆ. ಎಡಹುಬ್ಬಿನ ಮೇಲೆ ಗಾಯದ ಗುರುತು. ಅದಕ್ಕೆ ಹೊಲಿಗೆ ಹಾಕಿದವಳು ನಾನೇ. ಸಂಶಯಕ್ಕೆ ಎಡೆಯಿರಲಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತು ಮೆಣಸಿನಕಾಯಿ ಸೀಳುತ್ತಿದ್ದಳು. ಅವಳ ಮಡಿಲಲ್ಲಿ ಕೂಸು.

ಆ ಕೂಸನ್ನು ಕಂಡು ಮಾಬುಬಿಯ ಎದೆ ಒಡೆಯಬಾರದೆಂದು ಅಳಿಸಿದೆ—ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವನನ್ನು ಗುರುತಿಸಿದ ಕೂಡಲೇ ನನ್ನ ತಲೆಯಲ್ಲಿ ಬಂದದ್ದು ಒಂದೇ ಮಾತು: ಇವಳು ಇವತ್ತೇ ಗೋವಾ ಬಸ್ಸು ಹತ್ತುತ್ತಾಳೆ, ನಾಳೆ ಬೆಳಿಗ್ಗೆ ಅತ್ತೆಯನ್ನು ಎತ್ತುವವರು ಯಾರು? ಹೆಂಗಸು, ಕೂಸು, ಅವೆಲ್ಲ ಆಮೇಲೆ ಹುಡುಕಿಕೊಂಡ ನೆಪ.

ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ನಾನೇ ಗುರುತು ಹಾಕಿದೆ.  ಆ ಗುರುತು ಈಗಲೂ ಹಾಗೆಯೇ ಇದೆ.

ನಾಲ್ಕಕ್ಕೆ ಬಂದಳು. ಚಹಾ ಆಯಿತು. ರಿಮೋಟ್ ಹಿಡಿದು ಹುಡುಕಿದಳು.

"ನಿನ್ನಿದು ರೆಕಾರ್ಡ್ ಆಗಿಲ್ಲವಾ. ಮೋಡ ಇತ್ತು, ಸಿಗ್ನಲ್ ಬಂದಿಲ್ಲ," ಎಂದೆ.

ಮೋಡ ಎಲ್ಲಿತ್ತು? ಹಿಂದಿನ ದಿನ ಅವಳೇ ಅತ್ತೆಯ ಸೀರೆಗಳನ್ನು ಬಿಸಿಲಿಗೆ ಹಾಕಿ, ಸಂಜೆ ಮಡಿಚಿಟ್ಟು ಹೋಗಿದ್ದಳು. ಆದರೂ ನಾನು ಹೇಳಿದೆನೆಂದು ನಂಬಿದಳು. "ಹೋಗ್ಲಿ ಬಿಡ್ರಿ," ಎಂದು ನಕ್ಕಳು. "ಈ ವಾರನ ಅಂವ ಬಂದಿರ್ತಾನ, ನನ್ನ ನಸೀಬ."

ಮುಂದಿನ ಗುರುವಾರ ಮತ್ತೆ ನೆಲದ ಮೇಲೆ ಕುಳಿತು ಯಾವುದೋ ಊರಿನ ಯಾರದೋ ಮುಖಗಳನ್ನು ಹುಡುಕತೊಡಗಿದಳು. ಆ ಕಾರ್ಯಕ್ರಮ ನಿಲ್ಲುವವರೆಗೂ ಹುಡುಕಿದಳು. ಪ್ರತಿ ವಾರವೂ ನಾನು ಅಲ್ಲೇ ಕುರ್ಚಿಯಲ್ಲಿರುತ್ತಿದ್ದೆ.

ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಅಂದು ಹೇಳಬಹುದಿತ್ತು, ಎತ್ತಬೇಕಾದವರು ಯಾರೂ ಉಳಿದಿರಲಿಲ್ಲ. ಹೇಳಲಿಲ್ಲ. ಅದೇ ವರ್ಷ ಕುಕನೂರಿನಿಂದ ಅವಳಿಗೊಂದು ಸಂಬಂಧ ಬಂತು. ಹೆಂಡತಿ ಸತ್ತವನು, ಸೈಕಲ್ ಅಂಗಡಿ ಇಟ್ಟವನು, ಅವಳ ಮಗಳನ್ನೂ ಸಾಕುತ್ತೇನೆ ಎಂದವನು. ಜಮಾತಿನ ಹಿರಿಯರು ಹಳೆಯ ಮದುವೆಯಿಂದ ಬಿಡುಗಡೆ ಕೊಡಿಸಲು ತಯಾರಿದ್ದರು. ಅವಳು ನನ್ನ ಬಳಿ ಬಂದು ಕೇಳಿದಳು. "ಅಂವ ಎಲ್ಲೆರ ಸಂಕಟದಾಗ ಬಿದ್ದಿದ್ರ? ನಾ ಇಲ್ಲಿ ಸೀರಿ ಉಟ್ಕೊಂಡು ಹೊಂಟ್ರ ಹ್ಯಾಂಗ್ರಿ ಅಕ್ಕಾರ?" ಅವನು ಸಂಕಟದಲ್ಲಿಲ್ಲ ಎಂಬುದು ಇಡೀ ಕುಷ್ಟಗಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಿನ್ನ ಮನಸ್ಸಿಗೆ ಬಂದಂತೆ ಮಾಡು ಎಂದು ಬುದ್ಧಿ ಹೇಳಿದೆ. ಅವಳು ಬೇಡವೆಂದಳು.

ಮತ್ತೆರಡು ವರ್ಷದ ಮೇಲೆ, ಗೋವಾದಲ್ಲಿ ದುಡಿಯುತ್ತಿದ್ದ ಇಳಕಲ್ಲಿನವನೊಬ್ಬ ಸುದ್ದಿ ತಂದ. ದಾವಲಸಾಬ ಕಾಮಾಲೆಯಿಂದ ಸತ್ತು ಎರಡು ತಿಂಗಳಾಗಿತ್ತು. ಮಾಬುಬಿ ಅಳದೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಳು.

"ಮಡಗಾಂವದ ಮಾರ್ಕೆಟ್‌ನಾಗ ಗಾಡಿ ಇಟ್ಟಿದ್ನಂತ್ರಿ. ನಮ್ಮ ಪ್ರೋಗ್ರಾಮಿನವ್ರು ಅಲ್ಲಿಗೆ ಒಮ್ಮೆನೂ ಹೋಗ್ಲಿಲ್ಲಲ್ರಿ ಅಕ್ಕಾರ?"

"ಇಲ್ಲವಾ," ಎಂದೆ.

"ಒಮ್ಮೆ ಮಾರಿ ನೋಡಿದ್ರ ಸಾಕಿತ್ತು. ಮನಸ್ ತುಂಬ ಬೈದು ತಿರುಗಿ ಬರ್ತಿದ್ದೆ."

ತಿರುಗಿ ಬರುತ್ತಿದ್ದಳು. ನಾನು ಹೆದರಿದ್ದು ಅವಳು ಬರುವುದಿಲ್ಲವೆಂದು. ಎರಡು ದಿನದ ಪ್ರಯಾಣ—ಎರಡು ದಿನ ಓಣಿಯಲ್ಲಿ ಯಾರನ್ನು ಕೇಳಿದ್ದರೂ ಅತ್ತೆಯನ್ನು ಎತ್ತಿಕೊಡುತ್ತಿದ್ದರು.

ಆಮೇಲೆ ಆ ಕಂತನ್ನು ಮೊಬೈಲಿನಲ್ಲಿ ಹುಡುಕಿಸಿದೆ. ಎಲ್ಲಿಯೂ ಇಲ್ಲ, ಆ ವಾಹಿನಿಯೇ ಮುಚ್ಚಿದೆ.

ಈಗ ನನಗೆ ಎಪ್ಪತ್ತೊಂದು. ಮಾಬುಬಿ ಕಾರಟಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಬರೆದು ಕಳಿಸಿದರೆ ಮಗಳು ಓದಿ ಹೇಳಬೇಕು, ಅದು ಸರಿಯಲ್ಲ. ಅದಕ್ಕೇ ಇಂದು ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಟು, ಗಂಗಾವತಿಯಲ್ಲಿ ಬಸ್ಸು ಬದಲಿಸಿ, ಅವಳ ಮನೆಗೆ ಹೋದೆ. ಮಗಳು ಅಳಿಯ ಮಿಲ್ಲಿಗೆ ಹೋಗಿದ್ದರು. ರೊಟ್ಟಿ ಬಡಿಯುತ್ತಿದ್ದವಳು ಎದ್ದು, ನನ್ನ ಕೈಯಲ್ಲಿದ್ದ ಚೀಲ ಇಸಿದುಕೊಂಡಳು. ನೀರು ಕೊಡುವ ಮೊದಲೇ ಹೇಳಿದೆ—ಕುಡಿದ ಮೇಲೆ ಹೇಳುವುದು ಸರಿಯಲ್ಲ ಎನಿಸಿತು. ಯಾಕೆ ಅಳಿಸಿದೆನೆಂಬುದನ್ನೂ, ಅವಳು ಕೇಳದಿದ್ದರೂ, ಇದ್ದದ್ದು ಇದ್ದಂತೆ ಹೇಳಿದೆ.

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಅದನ್ನು ತೆಗೆದಿಟ್ಟು ಒಲೆ ಆರಿಸಿದಳು.

"ಎಷ್ಟೊತ್ತು ಕಂಡ್ನ್ರಿ?"

ಹನ್ನೊಂದು ಸೆಕೆಂಡು ಎಂದೆ. ಯಾವ ಅಂಗಿ, ತೆಳ್ಳಗಾಗಿದ್ದನೇ, ಕೂದಲು ಬೆಳ್ಳಗಾಗಿತ್ತೇ ಎಂದು ಕೇಳಿದಳು. ಹಳದಿ ಅಂಗಿ, ಸ್ವಲ್ಪ ದಪ್ಪಗಾಗಿದ್ದ, ಕೂದಲು ಕರ್ರಗೇ ಇತ್ತು. ಎಲ್ಲ ಹೇಳಿದೆ. ಹೆಂಗಸಿನದನ್ನೂ, ಕೂಸಿನದನ್ನೂ ಹೇಳಿದೆ. ಕೈಗೆ ಹತ್ತಿದ ಹಿಟ್ಟನ್ನು ತಿಕ್ಕಿ ಉದುರಿಸಿದಳು.

"ನಗಾಕತ್ತಿದ್ನ?"

ಇಲ್ಲ ಎನ್ನಬಹುದಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು, ಅವಳೂ ಅದನ್ನೇ ಕಾಯುತ್ತಿದ್ದಂತಿತ್ತು.

"ಹೌದವಾ. ನಗಾಕತ್ತಿದ್ದ," ಎಂದೆ.

ಮಾಬುಬಿ ತಲೆಯಾಡಿಸಿದಳು. ಒಳಗೆ ಹೋಗಿ ನನ್ನ ಚೀಲ ತಂದು ಹೊಸ್ತಿಲ ಮೇಲಿಟ್ಟಳು. ನಮ್ಮ ಕಡೆ ಯಾರನ್ನೂ 'ಹೋಗಿ ಬರ್ರಿ' ಎನ್ನದೆ ಕಳಿಸುವುದಿಲ್ಲ. ಅವಳು, "ಹೊತ್ತಾತು, ಹೋಗ್ರಿ," ಎಂದಳು.

ಎರಡೂವರೆಯ ಬಸ್ಸಿಗೆ ಹೊರಟು ಸಂಜೆ ಆರಕ್ಕೆ ಕುಷ್ಟಗಿ ಮುಟ್ಟಿದೆ. ಕೈಕಾಲು ತೊಳೆದು, ದೀಪ ಹಚ್ಚಿ, ಇದನ್ನು ಬರೆಯಲು ಕುಳಿತೆ. ಈಗ ಬರೆದು ಮುಗಿಸಿದೆ.