ನೀಲಿ ಮಣಿಯ ಹಿಂದಿನ ದೀಪ

ಜೋರ್ಡಾನ್ ದೇಶದ ಅಮ್ಮಾನ್ ನಗರದಲ್ಲಿ, ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ನವ್ವಾಫರಿಗೆ ಹಳೆ ಕಾರು ಬಿಚ್ಚಿ ಜೋಡಿಸುವ ಹುಚ್ಚು. ಸ್ಟಿಯರಿಂಗ್ ಮುಂದೆ ಎಂಜಿನ್ ಕೆಟ್ಟಿದೆಯೆಂದು ಎಚ್ಚರಿಸುವ ದೀಪ ಹತ್ತಿಕೊಂಡಾಗ ಹೆಂಡತಿ, ದೃಷ್ಟಿ ತಾಗಿದೆಯೆಂದು ಅದರ ಮೇಲೆ ದೃಷ್ಟಿ ತೆಗೆಯುವ ನೀಲಿ ಮಣಿ ಅಂಟಿಸಿದರು. ಎಂಜಿನ್ನೇ ಇಳಿಸಬೇಕೆಂದ ಮೆಕ್ಯಾನಿಕ್.

ಕಂಗಾಲಾದ ಮೇಷ್ಟ್ರು ಕಾರನ್ನು, ಅದರ ದೋಷ ಓದಿ ಹೇಳುವ ಸ್ಕ್ಯಾನರ್ ಮಾರುವ ಅಂಗಡಿಯ ಬಾಗಿಲಿಗೇ ತಂದು, ಹದಿನೈದು ದಿನಾರಿನ ಚಿಕ್ಕದನ್ನೂ ಇನ್ನೂರರ ದೊಡ್ಡದನ್ನೂ ಸಿಕ್ಕಿಸಿ ನೋಡಿದರು. ಎರಡೂ ಒಂದೇ ಮಾತು ಹೇಳಿದವು: ಪೆಟ್ರೋಲ್ ಆವಿ ಸೋರುತ್ತಿದೆ. ನೋಡಿದರೆ, ಟ್ಯಾಂಕಿನ ಮುಚ್ಚಳ ಸಡಿಲ!

"ದೊಡ್ಡದು ತಗೊಳ್ಳಿ ಉಸ್ತಾದ್, ನೋಡೋಕೆ ಚೆಂದ" ಎಂದ ಅಂಗಡಿಯವ.

"ಚೆಂದಕ್ಕೆ ಮಣಿ ಇದೆ ಕಣಯ್ಯಾ, ಚಿಕ್ಕದೇ ಕೊಡು."

ಮುಚ್ಚಳ ಬಿಗಿದು, ಚಿಕ್ಕದರಿಂದಲೇ ದೀಪ ಆರಿಸಿ ಮನೆಗೆ ಬಂದರು. ಹೆಂಡತಿ ಕಾರಿನೊಳಗೆ ಬಗ್ಗಿ ಮಣಿ ಎತ್ತಿ ನೋಡಿದರು; ದೀಪ ಆರಿತ್ತು.

"ನೋಡಿದ್ರಾ, ದೃಷ್ಟಿ ಹೋಯ್ತು!"

ಮೇಷ್ಟ್ರು ಜೇಬಿನ ಸ್ಕ್ಯಾನರನ್ನು ಇನ್ನಷ್ಟು ಒಳಕ್ಕೆ ತಳ್ಳಿ, ನೆಮ್ಮದಿಯಿಂದ, "ಹೂಂ ಕಣೇ, ಹೋಯ್ತು" ಎಂದರು.