ಬೀರುವಿನಿಂದ ಹೊರಬರಲು ಒಂದು ಕಾರಣ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆದರೆ ಸಂಜೆ ಬೀಗ ಬೀಳುವ ತನಕ ಅವಳ ಬಾಯಿಗೆ ಬಿಡುವಿರಲಿಲ್ಲ. ಅಂಥವಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಏನು ಗೊತ್ತೇ? ಉಸಿರು ಬಿಗಿಹಿಡಿದು, ಸದ್ದಿಲ್ಲದೆ ಅವಿತು ಆಡುವ ಒಂದು ಭಯದ ವಿಡಿಯೊ ಗೇಮ್! ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕ್ಯಾರೇ ಅನ್ನಲಿಲ್ಲ.

ಆಟ ನಡೆಯುವುದು ಒಂದು ಪಾಳುಬಿದ್ದ ಹಾಸ್ಟೆಲಿನಲ್ಲಿ. ಅಲ್ಲಿ ಒಬ್ಬಳು ವಾರ್ಡನ್ ಇದ್ದಾಳೆ. ಮನುಷ್ಯಳಲ್ಲ, ಸತ್ತು ಎಷ್ಟೋ ಕಾಲವಾಗಿದೆ. ಕಣ್ಣು ಕಾಣದು, ಕಿವಿ ಮಾತ್ರ ಬಲು ಚುರುಕು. ಸೊಂಟದ ಬೀಗದ ಕೈ ಗೊಂಚಲು ಝಣಝಣ ಅನ್ನಿಸುತ್ತಾ ಕಾರಿಡಾರಿನಲ್ಲಿ ಅಲೆಯುತ್ತಾಳೆ. ಆಡುವವರು ಮಹಡಿಯ ಕೋಣೆಯಿಂದ ಹೊರಟು, ಬೆಕ್ಕಿನ ಹೆಜ್ಜೆ ಇಟ್ಟು, ಮಂಚದಡಿ, ಬೀರುವಿನೊಳಗೆ ಅವಿತುಕೊಳ್ಳುತ್ತಾ ಕೆಳಗಿನ ದೊಡ್ಡ ಬಾಗಿಲು ಮುಟ್ಟಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಲ್ಲಿ ಇಲಿಯ ಪಾಲು ಆಡುವವರದ್ದು.

ತಂಡದಲ್ಲಿ ನಾಲ್ವರು. ರೇಡಿಯೊ ನಾಯಕಿ. ಪ್ರೋಗ್ರಾಮ್ ಬರೆಯಲು ಇಬ್ಬರು ಅವಳಿ ಅಕ್ಕತಂಗಿಯರು. ಚಿತ್ರ, ಆಕಾರಗಳಿಗೆ ಶಿಲ್ಪಿ ಎಂಬ ಅಡ್ಡಹೆಸರಿನ ಹುಡುಗ. ಈ ಶಿಲ್ಪಿ ಮೂರು ತಿಂಗಳು ಕೂತು ವಾರ್ಡನ್ನಳ ಮುಖ ಮಾಡಿದ್ದ. ಬಾಯಲ್ಲಿ ನಲವತ್ತೆರಡು ಹಲ್ಲು, ಒಂದೊಂದಕ್ಕೂ ಬೇರೆ ಬೇರೆ ಹುಳುಕು. ರೇಡಿಯೊ ನೋಡಿದಳು, ಭೇಷ್ ಅಂದಳು, ಆಮೇಲೆ ತೆಗೆದು ಹಾಕು ಅಂದಳು.

"ತೆಗೀಬೇಕಾ? ತಲೆ ಕೆಟ್ಟಿದ್ಯಾ ನಿಂಗೆ?"

"ಮುಖ ಕಂಡ್ರೆ ಎರಡು ನಿಮಿಷ ಹೆದರ್ತಾರೆ, ಮೂರನೇ ನಿಮಿಷ ಹಲ್ಲು ಎಣಿಸ್ತಾರೆ. ಬೀಗದ ಕೈ ಸದ್ದು ಸಾಕು ಕಣೋ. ಕಾಣಿಸ್ಬಾರ್ದು ಅವಳು."

ವಾರವಿಡೀ ಜಗಳ ನಡೆಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವಳದ್ದು. ಕೊನೆಗೆ ಶಿಲ್ಪಿ ಹಲ್ಲು ಕಚ್ಚಿ ಒಪ್ಪಿದ. "ಫೇಲಾದ್ರೆ ನಾಲ್ಕೂ ಜನ ಇನ್ನೊಂದು ವರ್ಷ ಇಲ್ಲೇ ಕೊಳೀಬೇಕು. ಆಗ ನನ್ನ ಮುಖ ನೋಡ್ಬೇಡ" ಅಂದ. "ಆಗಲ್ಲ" ಅಂದಳು. ಅಂದದ್ದೇನೋ ಅಂದಳು, ಆದರೆ ಅವನ ಮೂರು ತಿಂಗಳ ದುಡಿಮೆ ಅವತ್ತಿನಿಂದ ಅವಳ ಎದೆಯ ಮೇಲೆ ಕೂತಿತು.

ಫೇಲಾಗುವುದೂ ಅಲ್ಲಿ ಸುಲಭವೇ. ಆ ವಿಭಾಗದ ಕಟ್ಟುನಿಟ್ಟು ಹಾಗಿತ್ತು. ಪರೀಕ್ಷಕರಾಗಿ ಬರುವವರು ಜನ್ಮದಲ್ಲಿ ವಿಡಿಯೊ ಗೇಮ್ ಮುಟ್ಟಿರಬಾರದು. ಅವರು ಆಡುವಾಗ ತಂಡದವರು ಹಿಂದೆ ನಿಂತಿರಬೇಕು, ತುಟಿ ಪಿಟಕ್ಕೆನ್ನಬಾರದು. ಅವರು ಕೊನೆ ಮುಟ್ಟಿದರೆ ಪಾಸು, ಇಲ್ಲದಿದ್ದರೆ ಇಲ್ಲ.

ಪರೀಕ್ಷೆಗೆ ಹದಿನೈದು ದಿನ ಇರುವಾಗ ರೇಡಿಯೊ ಮನೆಯಲ್ಲಿ ಅಮ್ಮನನ್ನು ಕೂರಿಸಿದಳು. ಅಮ್ಮ ದರ್ಜಿ. ಮುಂದಿನ ಕೋಣೆಯ ತುಂಬ ಹೊಲಿಗೆ, ಕುರ್ಚಿಯ ಮೇಲೆಲ್ಲ ಗುಂಡಿ ಕಾಯುತ್ತಿರುವ ಅಂಗಿಗಳು. ಕತ್ತರಿ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, ಆಕೆ ಕಂಪ್ಯೂಟರಿನ ಮುಂದೆ ಕೂತರು. ಬೀಗದ ಕೈ ಸದ್ದಾಯಿತು. "ಅಯ್ಯಯ್ಯೋ!" ಎಂದು ಸೀದಾ ಬೀರುವಿನೊಳಗೆ ಹೊಕ್ಕರು. ರೇಡಿಯೊಗೆ ಖುಷಿಯೋ ಖುಷಿ.

ಎರಡು ನಿಮಿಷವಾಯಿತು, ಐದಾಯಿತು, ಎಂಟಾಯಿತು. ಅಮ್ಮ ಬೀರು ಬಿಟ್ಟು ಅಲ್ಲಾಡಲಿಲ್ಲ.

"ಅಮ್ಮಾ, ಹೊರಗೆ ಬಾರಮ್ಮ!"

"ಯಾಕೆ ಬರ್ಲಿ? ನಾನಿಲ್ಲಿ ಆರಾಮಾಗಿದೀನಿ. ಅವಳಿಗೆ ಸಾಕಾದಾಗ ಅವಳೇ ಹೋಗ್ತಾಳೆ."

"ಬಾಗಿಲು ಮುಟ್ಟಬೇಕಲ್ಲ!"

"ಬಾಗಿಲಾಚೆ ನಂಗೇನಿದೆ?"

ಎಡವಟ್ಟು ಎಲ್ಲಾಗಿದೆ ಎಂದು ರೇಡಿಯೊಗೆ ಆಗ ಗೊತ್ತಾಯಿತು. ಒಂದು ವರ್ಷ ನಾಲ್ವರೂ ಆ ಆಟವನ್ನು ಸಾವಿರ ಸಲ ಆಡಿದ್ದರು. ಹೊಸ ಬಾಗಿಲು ಸರಿಯಾಯಿತೇ, ಸದ್ದು ಸರಿಯಾಯಿತೇ ಎಂದು ನೋಡುವ ಅವಸರದಲ್ಲಿ ಬೀರುವಿನೊಳಗೆ ಎರಡು ಕ್ಷಣ ನಿಂತು ಓಡುವವರೇ ಎಲ್ಲರೂ. ನಿಜವಾಗಿ ಹೆದರಿದವರು ಹೊರಗೆ ಬರುವುದೇ ಇಲ್ಲ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಮತ್ತೇನು!

"ಹಾಗಾದ್ರೆ ನೀನು ಯಾವಾಗ ಬರ್ತೀಯ?" ಎಂದು ಕೇಳಿದಳು.

ಅಮ್ಮ ಯೋಚಿಸಲೇ ಇಲ್ಲ. "ನೀನು ಹೊರಗಿದ್ರೆ ಬರ್ತೀನಿ" ಎಂದು ಸೂಜಿಗೆ ದಾರ ಪೋಣಿಸತೊಡಗಿದರು.

ಮರುದಿನ ಲ್ಯಾಬಿಗೆ ಬಂದವಳೇ ಆಟಕ್ಕೊಬ್ಬಳು ಪುಟ್ಟ ತಂಗಿ ಬೇಕು ಅಂದಳು. ಕಾರಿಡಾರಿನ ಕೊನೆಯ ಕೋಣೆಯಲ್ಲಿ, ಮಂಚದ ಕೆಳಗೆ. ಮಗುವಿಗೆ ನೆಗಡಿ. ಆಗಾಗ ಕೆಮ್ಮುತ್ತದೆ. ಕೆಮ್ಮಿದಾಗೆಲ್ಲ ವಾರ್ಡನ್ ಆ ಕಡೆ ನಾಲ್ಕು ಹೆಜ್ಜೆ ಹತ್ತಿರವಾಗುತ್ತಾಳೆ. ಆಡುವವರು ಎದ್ದು ಹೋಗಿ ಮಗುವಿನ ಕೈಹಿಡಿದು ಬಾಗಿಲಿಗೆ ಕರೆತರಬೇಕು. ಅವಳಿಗಳು ಒಟ್ಟಿಗೇ "ಎರಡೇ ವಾರದಲ್ಲಾ?" ಎಂದು ಕಿರುಚಿದರು. ಶಿಲ್ಪಿ ಮಾತ್ರ ಮರುಮಾತಾಡದೆ ಪೆನ್ಸಿಲ್ ಎತ್ತಿಕೊಂಡ. ಸಂಜೆಗೆ ಮಗುವಿನ ಮುಖ ತಯಾರು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ನೋಡಿದ ಕೂಡಲೇ ರೇಡಿಯೊಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟಳು. ಹುಡುಗ ಕಿವಿ ತನಕ ಕೆಂಪಾದ.

ಪರೀಕ್ಷೆಯ ದಿನ ಬಂದವರು ಕಟ್ಟಡಗಳ ತಪಾಸಣೆ ಮಾಡುವ ಎಂಜಿನಿಯರು. ಬಿಳಿ ಮೀಸೆ, ಬಿಗಿ ಮುಖ, ಜೇಬಿನಲ್ಲಿ ಅಳತೆ ಟೇಪು. "ಇಷ್ಟು ಉದ್ದದ ಕಾರಿಡಾರಿಗೆ ಎರಡನೇ ದಾರೀನೇ ಇಲ್ವಲ್ಲ! ಇದಕ್ಕೆ ಅನುಮತಿ ಕೊಟ್ಟೋರ್ಯಾರು?" ಎಂದು ಗೊಣಗುತ್ತಲೇ ಆಟ ಶುರುಮಾಡಿದರು. ಝಣಝಣ ಕೇಳಿತು. ಬೀರು ಹೊಕ್ಕರು. ನಾಲ್ವರೂ ಉಸಿರು ಹಿಡಿದರು.

ಮಗು ಕೆಮ್ಮಿತು.

ಎಂಜಿನಿಯರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು. ಮತ್ತೆ ಕೆಮ್ಮು. ಬೀರುವಿನ ಬಾಗಿಲು ತೆರೆಯಿತು. ರೇಡಿಯೊ ಮನಸ್ಸಿನಲ್ಲೇ ಕುಣಿದಳು. ಆದರೆ ವಾರ್ಡನ್ನಳ ಝಣಝಣ ಆಗಲೇ ಕೊನೆಯ ಕೋಣೆಯ ಹೊಸಿಲಲ್ಲಿ ಕೇಳಿಸುತ್ತಿತ್ತು. ಎಂಜಿನಿಯರು ಒಂದು ಕ್ಷಣ ನಿಂತರು. ಆಮೇಲೆ, ಇಡೀ ವರ್ಷ ಯಾರೂ ಮಾಡದ ಕೆಲಸ ಮಾಡಿದರು. ಬೇಕೆಂದೇ ದಡದಡ ಸದ್ದು ಮಾಡುತ್ತಾ ಎದುರು ದಿಕ್ಕಿಗೆ ಓಡಿದರು. ಬೀಗದ ಕೈಗಳು ಅವರತ್ತ ತಿರುಗಿದವು. ಹತ್ತೇ ಹೆಜ್ಜೆಗೆ ಸಿಕ್ಕಿಬಿದ್ದರು. ಪರದೆ ಕಪ್ಪಾಯಿತು. 'ಆಟ ಮುಗಿಯಿತು' ಎಂಬ ಅಕ್ಷರ ಮೂಡಿತು.

ಪಕ್ಕದಲ್ಲಿ ಕೂತು ನೋಡುತ್ತಿದ್ದ ವಿಭಾಗದ ಪ್ರಾಧ್ಯಾಪಕರು ಪೆನ್ನಿನ ಮುಚ್ಚಳ ತೆಗೆದರು. ಶಿಲ್ಪಿ ಕಣ್ಣು ಮುಚ್ಚಿದ.

"ಮಗು ಏನಾಯ್ತು?" ಎಂಜಿನಿಯರು ತಿರುಗಿ ಕೇಳಿದರು. ನಾಲ್ವರೂ ಪ್ರಾಧ್ಯಾಪಕರ ಮುಖ ನೋಡಿದರು. "ನಿಮ್ಮನ್ನೇ ಕೇಳ್ತಿರೋದು. ತಪ್ಪಿಸ್ಕೊಂಡಿತೋ ಇಲ್ವೋ?"

ಆಟ ಮುಗಿದಿದ್ದರಿಂದ ಈಗ ಮಾತಾಡಬಹುದಿತ್ತು. ರೇಡಿಯೊ ಇದ್ದದ್ದನ್ನು ಇದ್ದಹಾಗೆ ಹೇಳಿದಳು. "ಗೊತ್ತಿಲ್ಲ ಸರ್. ನೀವು ಹೀಗ್ಮಾಡ್ತೀರ ಅಂತ ನಮಗೆ ಹೊಳೀಲೇ ಇಲ್ಲ. ಅದಕ್ಕೇ ಅದನ್ನ ಬರೆದಿಲ್ಲ."

"ಗೊತ್ತಿಲ್ಲ ಅಂದ್ರೆ ಹೇಗಮ್ಮ? ಮತ್ತೆ ನಾನು ಸತ್ತಿದ್ದು ಯಾತಕ್ಕೆ?"

"ನಾಳೆ ಹನ್ನೊಂದಕ್ಕೆ ಬನ್ನಿ ಸರ್. ಯಾತಕ್ಕೆ ಅಂತ ತೋರಿಸ್ತೀವಿ."

ನಿಯಮದಲ್ಲಿ ಹಾಗಿಲ್ಲ ಎಂದರು ಪ್ರಾಧ್ಯಾಪಕರು. ಸಹಿ ತಮ್ಮದು, ಇನ್ನೂ ಹಾಕಿಲ್ಲ ಎಂದು ಎಂಜಿನಿಯರು ಎದ್ದು ನಡೆದರು.

ಅವಳಿಗಳು ಅಲ್ಲೇ ಕೂತು ಬರೆಯತೊಡಗಿದರು. ಶಿಲ್ಪಿ ಮಗುವಿಗೆ ಓಡುವುದನ್ನು ಕಲಿಸಿದ. ರೇಡಿಯೊ ತಾನೇ ಬರಿಗಾಲಲ್ಲಿ ಕಾಲೇಜಿನ ಕಾರಿಡಾರಿನಲ್ಲಿ ಓಡಿ ಪುಟ್ಟ ಹೆಜ್ಜೆಗಳ ಸದ್ದು ಹಿಡಿದು ತಂದಳು.

ಮಾರನೆಯ ದಿನ ಎಂಜಿನಿಯರು ಹತ್ತೂವರೆಗೇ ಹಾಜರು. ಕೂತರು. ಈ ಸಲ ಬೇಗ ಹೋಗಿ ಮಗುವಿನ ಕೈಹಿಡಿದು ತಂದು ಗೆಲ್ಲಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಕೆಮ್ಮು ಕೇಳಿದ್ದೇ ತಡ, ದಡದಡ ಓಡಿದರು, ಸಿಕ್ಕಿಬಿದ್ದರು. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಪುಟ್ಟ ಹೆಜ್ಜೆಗಳು ಮೆಟ್ಟಿಲಿಳಿದವು, ದೊಡ್ಡ ಬಾಗಿಲು ಕಿರ್ರೆಂದಿತು, ಬೆಳಕು ಒಳಗೆ ಬಂತು.

"ಆದರೆ ಸರ್, ನೀವು ಬಾಗಿಲು ಮುಟ್ಟಲಿಲ್ಲವಲ್ಲ" ಎಂದರು ಪ್ರಾಧ್ಯಾಪಕರು.

"ಮಗು ಮುಟ್ತಲ್ರೀ" ಎಂದು ಎಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡು, ಸಹಿ ಹಾಕಿದರು.