ಗೆಸ್ಟ್ ಮೇಡಂ ಕಟ್ಟಿದ ಕಾಲುವೆ

ಕಂಪ್ಯೂಟರ್ ಲ್ಯಾಬಿನ ಮೇಜುಗಳ ಕೆಳಗಿನಿಂದ ಎದ್ದು ಬಂದಾಗ ಮೇಡಂ ಅವರ ಎಣ್ಣೆ ಹಚ್ಚಿದ ಕೂದಲಲ್ಲಿ ಯಾವಾಗಲೂ ಜೇಡರ ಬಲೆಯ ಒಂದು ಎಳೆ ಸಿಕ್ಕಿಕೊಂಡಿರುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಗೋಡೆಯ ಬುಡದವರೆಗೆ ತೆವಳಿ ಹೋಗಿ ವೈರುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ ಬರುತ್ತಿದ್ದರು. ಬಲಗೈ ಹೆಬ್ಬೆರಳ ಉಗುರು ನಡುವೆ ಸೀಳಿತ್ತು. ವೈರಿನ ಸಿಪ್ಪೆಯನ್ನು ಆ ಉಗುರಿನಿಂದಲೇ ಸುಲಿಯುವುದು. ಇಕ್ಕಳ ಕೊಟ್ಟರೆ ಬೇಡವೆನ್ನುವುದು. ಹಾಗೆಯೇ ತರಗತಿಗೆ ಹೋಗಿ ಬೋರ್ಡಿನ ಮುಂದೆ ನಿಂತರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಯಾಕೆ ನಗುತ್ತಾರೆಂದು ಅವರಿಗೆ ಗೊತ್ತಿತ್ತು. ತಲೆ ಮುಟ್ಟಿ ನೋಡಿಕೊಳ್ಳುತ್ತಿರಲಿಲ್ಲ.

ಕಾಲೇಜಿನಲ್ಲಿ ಎಲ್ಲರೂ ಅವರನ್ನು ‘ಗೆಸ್ಟ್ ಮೇಡಂ’ ಎನ್ನುತ್ತಿದ್ದರು. ಅತಿಥಿ ಉಪನ್ಯಾಸಕಿ. ಅಲ್ಲಿದ್ದ ಎಷ್ಟೋ ಕಾಯಂ ಅಧ್ಯಾಪಕರಿಗಿಂತ ಅವರೇ ಹಳಬರು. ಆದರೂ ಸೆಮಿಸ್ಟರ್ ಮುಗಿದಾಗಲೆಲ್ಲ ಅವರ ಕೆಲಸವೂ ಮುಗಿಯುತ್ತಿತ್ತು; ಮುಂದಿನದಕ್ಕೆ ಫೋನು ಬಂದರೆ ಮತ್ತೆ ಬರುತ್ತಿದ್ದರು. ಬಾರದ ದಿನಕ್ಕೆ ಸಂಬಳವಿಲ್ಲ. ಬಹಳ ದಿನ ಬಾರದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು. ಇಷ್ಟು ವರ್ಷ ದುಡಿದವರನ್ನು ಅತಿಥಿ ಎಂದು ಕರೆಯುವುದು ಯಾವ ಊರಿನ ಮರ್ಯಾದೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಯಲಬುರ್ಗಾದಲ್ಲಿ ಅಕ್ಕನ ಜೊತೆ ಇದ್ದರು. ಅಕ್ಕನದು ಹೊಲಿಗೆ ಕೆಲಸ. ಮೇಡಂ ಬೆಳಿಗ್ಗೆ ತಳಕಲ್ ಹಾಯ್ದು ಬರುವ ಬಸ್ಸು ಹಿಡಿದು ಕೊಪ್ಪಳಕ್ಕೆ ಬಂದು, ಅಲ್ಲಿಂದ ಊರಾಚೆಗಿದ್ದ ನಮ್ಮ ಕಾಲೇಜಿಗೆ ಬರುತ್ತಿದ್ದರು. ಹುಣ್ಣಿಮೆ ಬಂತೆಂದರೆ ಹುಲಿಗಿಯ ದೇವಿಯ ಗುಡಿಗೆ ಹೊರಟ ಮಂದಿಯಿಂದ ಬಸ್ಸು ತುಂಬಿ, ದಾರಿಯುದ್ದಕ್ಕೂ ನಿಂತೇ ಬಂದು, ಬಂದವರೇ ಪಾಠಕ್ಕೆ ನಿಲ್ಲುತ್ತಿದ್ದರು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವರ ವಿದ್ಯಾರ್ಥಿನಿಯಾಗಿದ್ದ ನಾನು ಕಾಲುವೆ ನೀರಾವರಿಯ ಶ್ರೀರಾಮನಗರದವಳು, ಮನೆಮಾತು ತೆಲುಗು, ಮೂರು ಹೊತ್ತೂ ಅನ್ನ. ಅದನ್ನು ತಿಳಿದ ದಿನದಿಂದ ನನ್ನನ್ನು ‘ಕೆನಾಲಿನಾಕಿ’ ಎಂದೇ ಕರೆದರು.

“ನಿಮಗ ನೀರು ಮನಿ ಮುಂದ ಹರೀತೈತಿ. ನಾವು ಆಕಾಶ ನೋಡೂ ಮಂದಿ. ತಿನ್ನು, ರೊಟ್ಟಿ ಹಲ್ಲಿಗೆ ಛಲೋ,” ಎಂದು ಡಬ್ಬಿಯ ಮುಚ್ಚಳದಲ್ಲಿ ಅರ್ಧ ರೊಟ್ಟಿ ಮುರಿದಿಡುತ್ತಿದ್ದರು.

ಲ್ಯಾಬಿನ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಬಾರದವೆಂದು ಒಟ್ಟಿದ್ದ ಹಳೆಯ ಕಂಪ್ಯೂಟರುಗಳಿದ್ದವು. ಒಂದರ ಕೆಟ್ಟ ಭಾಗ ಕಿತ್ತು, ಇನ್ನೊಂದರ ಒಳ್ಳೆಯ ಭಾಗ ಹಾಕಿ, ಅವನ್ನೆಲ್ಲ ಬದುಕಿಸಿ, ವೈರಿನಿಂದ ಜೋಡಿಸಿ, ಎಲ್ಲವೂ ಕೂಡಿ ಒಂದೇ ಲೆಕ್ಕ ಮಾಡುವಂತೆ ಮಾಡಿದ್ದರು. ಆ ಲೆಕ್ಕ ಎಡದಂಡೆ ಕಾಲುವೆಯದು. ತುಂಗಭದ್ರೆಯ ಅಣೆಕಟ್ಟಿನಲ್ಲಿ ಇಷ್ಟು ನೀರು ಬಿಟ್ಟರೆ ಕಾಲುವೆಯ ಕೊನೆಯ ಗದ್ದೆಗೆ ಅದು ಯಾವಾಗ, ಎಷ್ಟು ಮುಟ್ಟುತ್ತದೆ ಎಂಬುದು. ಕಾಲುವೆಯ ಒಂದೊಂದು ತುಂಡನ್ನು ಒಂದೊಂದು ಕಂಪ್ಯೂಟರಿಗೆ ವಹಿಸಿದ್ದರು. ತನ್ನ ಗಡಿಯಲ್ಲಿ ನೀರು ಎಷ್ಟಿದೆಯೆಂದು ಪ್ರತಿಯೊಂದೂ ಪಕ್ಕದ್ದಕ್ಕೆ ಹೇಳಬೇಕು, ಆಮೇಲೆ ಅದು ಮುಂದಿನ ಲೆಕ್ಕ ಹಾಕಬೇಕು. ಒಂದು ಬಾಯಿ ಬಿಡದಿದ್ದರೆ ಉಳಿದವೆಲ್ಲ ಕಾಯುತ್ತ ನಿಂತುಬಿಡುತ್ತವೆ. ಕೊನೆಯ ವರ್ಷ ನಾನು ಈ ಕೆಲಸವನ್ನೇ ನನ್ನ ಪ್ರಾಜೆಕ್ಟ್ ಮಾಡಿಕೊಂಡೆ.

ಮೊದಲ ಸಲ ಪರದೆಯ ಮೇಲೆ ದೋಷ ಬಂದಾಗ ನಾನು ಎಲ್ಲವನ್ನೂ ಬಂದ್ ಮಾಡಿ ಮತ್ತೆ ಚಾಲೂ ಮಾಡಲು ಹೋದೆ. ಮೇಡಂ ನನ್ನ ಕೈ ಹಿಡಿದರು.

“ಬಂದ್ ಮಾಡಿದ್ರ ಏನಾಗಿತ್ತು ಅಂತ ಎಂದೂ ಗೊತ್ತಾಗೂದಿಲ್ಲ. ಓದು, ಏನಂತೈತಿ?”

“ಕನೆಕ್ಷನ್ ರೆಫ್ಯೂಸ್ಡ್ ಅಂತೈತ್ರಿ ಮೇಡಂ.”

“ಛಲೋ ಆತು.”

“ಛಲೋ ಹೆಂಗ್ರಿ?”

“ನೀ ಬಾಗಲಾ ಬಡದಿ. ಒಳಗಿಂದ ಯಾರೋ ಇಲ್ಲ, ಹೋಗು ಅಂದ್ರು. ಅಂದ್ರ ಮನ್ಯಾಗ ಮಂದಿ ಅದಾರ. ವೈರ್ ಬರೋಬರಿ ಐತಿ, ಮಷಿನ್ ಜೀವಂತ ಐತಿ, ಅಲ್ಲಿ ನಮ್ಮ ಪ್ರೋಗ್ರಾಂ ಎದ್ದಿಲ್ಲ ಅಷ್ಟ. ಇಲ್ಲ ಅನ್ನೋರು ಬ್ಯಾರೆ, ಉತ್ತರಾನ ಕೊಡದೋರು ಬ್ಯಾರೆ. ಉತ್ತರ ಕೊಡದೋರ ಜೋಡಿ ಏಗೂದು ಕಷ್ಟ ನೋಡವಾ.”

ಮಷಿನ್ ಬದುಕಿದೆಯೇ, ನಿನ್ನ ಹತ್ತಿರ ಇರುವ ವಿಳಾಸ ಸರಿಯಿದೆಯೇ, ಬಾಗಿಲು ತೆರೆದಿದೆಯೇ. ಇದೇ ಕ್ರಮದಲ್ಲಿ ಕೇಳಬೇಕು. ಊಹೆ ಮಾಡಿದರೆ ಸಿಟ್ಟಿಗೇಳುತ್ತಿದ್ದರು. ಒಮ್ಮೆ ನಾನು ಒಟ್ಟಿಗೇ ಎರಡು ಕಡೆ ತಿದ್ದಿದೆ, ಅದು ನಡೆಯಿತು. ಖುಷಿಯಿಂದ ಹೇಳಿದರೆ, ಎರಡನ್ನೂ ಮೊದಲಿದ್ದಂತೆ ಕೆಡಿಸಿ, ಒಂದೊಂದಾಗಿ ತಿದ್ದಿಸಿದರು. “ಯಾವ್ದರಿಂದ ಸುಧಾರಿಸ್ತು ಹೇಳು. ಗೊತ್ತಿಲ್ಲಲ್ಲ? ಹಂಗಾರ ನೀ ರಿಪೇರಿ ಮಾಡಿಲ್ಲ, ನಿನ್ನ ನಸೀಬ ಛಲೋ ಇತ್ತು.” ಹೊಗಳುವ ಜಾತಿಯವರಲ್ಲ. ತಾವು ಕಟ್ಟಿದ್ದನ್ನು ಬೇರೆಯವರು ಮುಟ್ಟಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಅವರಿಗೆ ಗೆಳತಿಯರು ಕಡಿಮೆ.

ಆ ವರ್ಷ ಕಾಲೇಜನ್ನು ಪರಿಶೀಲಿಸಲು ಹೊರಗಿನ ಸಮಿತಿಯೊಂದು ಬರುವುದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ನನ್ನೆದುರಿಗೇ ಮೇಡಂಗೆ, “ನಿಮ್ಮ ಕೆನಾಲ್ ತೋರಸ್ರಿ. ಸಮಿತಿಯವರು ಮೆಚ್ಚಿದ್ರಂದ್ರ ನಿಮ್ಮನ್ನ ಕಾಯಂ ಮಾಡೂ ಮಾತು ನಾನ ಎತ್ತತೀನಿ,” ಎಂದಿದ್ದರು. ಮೇಡಂ “ಆಗ್ಲಿರಿ ಸರ್” ಎಂದರು, ಅಷ್ಟೇ. ಆದರೆ ಅಂದಿನಿಂದ ಅವರು ಊಟದ ಹೊತ್ತಿನಲ್ಲೂ ಹಿಂದಿನ ಕೋಣೆ ಬಿಟ್ಟು ಬರಲಿಲ್ಲ. ಆಗೀಗ ಎಡಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಕೂರುತ್ತಿದ್ದರು. ಕೇಳಿದರೆ, ಬಸ್ಸಿನ ಕಂಬಿ ಹಿಡಿದು ಹಿಡಿದು ನೋಯುತ್ತದೆ ಎನ್ನುತ್ತಿದ್ದರು.

ಸಮಿತಿ ಬಂದದ್ದು ಸೋಮವಾರ. ಹಿಂದಿನ ದಿನದ ರಜೆಯಲ್ಲಿ ಲ್ಯಾಬಿಗೂ ಹಿಂದಿನ ಕೋಣೆಗೂ ಸುಣ್ಣಬಣ್ಣ ಆಗಿತ್ತು. ಜೋತಾಡುತ್ತಿದ್ದ ವೈರುಗಳನ್ನು ಬಿಗಿದು ಕಟ್ಟಿ ಚೊಕ್ಕ ಮಾಡಿದ್ದರು. ಸಮಿತಿಯವರು ಬಂದು ನಿಂತರು, ಮೇಡಂ ಪ್ರೋಗ್ರಾಂ ಶುರು ಮಾಡಿದರು. ಪರದೆಯ ಮೇಲೆ ನೀರಿನ ನೀಲಿ ಗೆರೆ ಮೂಡಬೇಕಿತ್ತು. ಏನೂ ಮೂಡಲಿಲ್ಲ.

“ಏನಾತ್ರಿ ಮೇಡಂ?” ಎಂದರು ಮುಖ್ಯಸ್ಥರು.

“ಒಂದಕ್ಕೊಂದು ಮುಟ್ಟವಲ್ವು ಸರ್. ನಿನ್ನೆ ಯಾರರೆ ವೈರ್ ತಗದು ಹಾಕ್ಯಾರೇನ್ರಿ?”

“ಬಣ್ಣ ಹಚ್ಯಾರ ಅಷ್ಟ, ಯಾರೂ ಮುಟ್ಟಿಲ್ಲ.” ಸಮಿತಿಯವರ ಕಡೆ ತಿರುಗಿ ನಕ್ಕರು. “ಹಳೇ ಗುಜರಿ ಸಾಮಾನ್ರಿ ಸರ್. ಹುಡುಗರ ಪ್ರಾಕ್ಟೀಸಿಗೆ ಇರ್ಲಿ ಅಂತ ಇಟ್ಟೀವಿ. ಬರ್ರಿ, ಹೊಸಾ ಲ್ಯಾಬ್ ತೋರಸ್ತೀನಿ.”

ಸಮಿತಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ನಿಂತು, ಸರಿಪಡಿಸಲು ಎಷ್ಟು ಹೊತ್ತು ಬೇಕೆಂದು ಕೇಳಿದರು. “ನೀವು ಊಟ ಮುಗಿಸಿ ಬರೂದ್ರಾಗ ಆಗ್ತೈತ್ರಿ,” ಎಂದರು ಮೇಡಂ. ಅವರು ಖಂಡಿತ ಬರುವುದಾಗಿ ಹೇಳಿ ಹೋದರು.

ನಾನು ಅಳುವುದರಲ್ಲಿದ್ದೆ. ಮೇಡಂ ಆಗಲೇ ಸೆರಗು ಸಿಕ್ಕಿಸಿಯಾಗಿತ್ತು. ಎಲ್ಲ ಕಂಪ್ಯೂಟರುಗಳೂ ಬದುಕಿದ್ದವು. ಆದರೆ ಒಂದರಿಂದ ಇನ್ನೊಂದನ್ನು ಕರೆದರೆ ಉತ್ತರವಿಲ್ಲ. ಅಷ್ಟರಲ್ಲಿ ಒಂದು ಕಡೆಯಿಂದ ಮಾತ್ರ ‘ಇಲ್ಲ’ ಎಂಬ ಉತ್ತರ ಬಂತು. ಮೇಡಂ ಅಲ್ಲೇ ನಿಂತರು. “ಇದು ನಮ್ಮ ಮಷಿನ್ ಅಲ್ಲ. ಇದ್ಯಾರು ಹಂಗಾರ?” ಹುಡುಕಿದರೆ ಅದು ಕಚೇರಿಯ ಗುಮಾಸ್ತರ ಕಂಪ್ಯೂಟರ್. ವಿಷಯ ಇಷ್ಟೇ ಆಗಿತ್ತು. ಬಣ್ಣ ಹಚ್ಚಲು ವೈರು ಬಿಚ್ಚಿದವರು, ವೈರುಗಳನ್ನೆಲ್ಲ ಒಂದೆಡೆ ಕೂಡಿಸುತ್ತಿದ್ದ ನಮ್ಮ ಕೋಣೆಯ ಹಳೆಯ ಡಬ್ಬಿ ನೋಡಲು ಚಂದವಿಲ್ಲವೆಂದು ಅದನ್ನು ತೆಗೆದು, ಎಲ್ಲವನ್ನೂ ಕಚೇರಿಯ ಹೊಸ ಡಬ್ಬಿಗೆ ಜೋಡಿಸಿದ್ದರು. ಅದು ಪ್ರತಿ ಕಂಪ್ಯೂಟರಿಗೂ ಹೊಸ ವಿಳಾಸ ಕೊಟ್ಟಿತ್ತು. ನಮ್ಮ ಪ್ರೋಗ್ರಾಂ ಹಳೆಯ ವಿಳಾಸಗಳ ಬಾಗಿಲು ಬಡಿಯುತ್ತ ಕೂತಿತ್ತು. ಅದರಲ್ಲೊಂದು ವಿಳಾಸದಲ್ಲಿ ಈಗ ಗುಮಾಸ್ತರಿದ್ದರು.

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡಬ್ಬಿಯನ್ನು ಒರೆಸಿ ಮತ್ತೆ ಜೋಡಿಸಿದೆವು; ಕಂಪ್ಯೂಟರುಗಳಿಗೆ ಹಳೆಯ ವಿಳಾಸಗಳು ಮರಳಿದವು. ನೀಲಿ ಗೆರೆ ಅಣೆಕಟ್ಟಿನಿಂದ ಹೊರಟಿತು. ನಾನು ಊಟದ ಕೋಣೆಗೆ ಓಡಿದೆ. ಮುಖ್ಯಸ್ಥರು ಬಾಗಿಲಲ್ಲೇ ತಡೆದರು.

“ಸರ್, ನಡದೈತ್ರಿ. ಮೇಡಂ ಕರೀಲಿಕ್ಕೆ ಹತ್ಯಾರ.”

“ಈಗ ಬ್ಯಾಡ. ಅವರಿಗೆ ಟೈಮ್ ಇಲ್ಲ.”

“ಸಮಿತಿಯ ಆ ಹಿರಿಯ ಮೇಡಂ ಬರ್ತೀನಿ ಅಂದಿದ್ರಲ್ರಿ ಸರ್, ವೈರ್ ಬದಲಿ ಆಗಿದ್ದಕ್ಕ...”

“ಹೇಳಿದ್ನೆಲ್ಲ, ಹೋಗು ನೀ.”

ನಾನು ಮರಳಿ ಬರುವಷ್ಟರಲ್ಲಿ ಕಿಟಕಿಯಾಚೆ ಸಮಿತಿಯವರ ಕಾರು ಗೇಟು ದಾಟಿತು. ಮೇಡಂ ಅದನ್ನು ನೋಡಿದರು. ನಾನು ಪ್ರೋಗ್ರಾಂ ನಿಲ್ಲಿಸಲು ಕೈ ಚಾಚಿದರೆ ಬೇಡವೆಂದರು. ಸ್ಟೂಲಿನ ಮೇಲೆ ಕೂತು, ಗೆರೆ ಗಂಗಾವತಿ ದಾಟಿ, ಕಾಲುವೆಯ ಕೊನೆಯ ಗದ್ದೆಯವರೆಗೆ ಹೋಗುವುದನ್ನು ಪೂರ್ತಿ ನೋಡಿದರು. “ಮುಟ್ಟಿತು ನೋಡು,” ಎಂದರು.

ಮುಂದಿನ ಸೆಮಿಸ್ಟರಿಗೆ ಅವರಿಗೆ ಫೋನು ಬರಲಿಲ್ಲ. ನಾನು ಅಂಕಪಟ್ಟಿ ತರಲು ಹೋದ ದಿನ ಮೇಡಂ ಮುಖ್ಯಸ್ಥರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಜವಾನ ಬೆಳಗಿನಿಂದ ಹೇಳುತ್ತಿದ್ದನಂತೆ. ನಾನೂ ಪಕ್ಕದಲ್ಲಿ ಕೂತೆ.

“ಬ್ಯಾಡ ಅಂದಿದ್ರ ಮನಿಗೆ ಹೋಗ್ತಿದ್ದೆ,” ಎಂದರು. “ಬರ್ರಿ ಅನವಲ್ರು, ಬ್ಯಾಡ ಅನವಲ್ರು.”

ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ ಬಂದೆ. ಕೆಲವು ತಿಂಗಳ ಮೇಲೆ ಕಾಲೇಜಿನ ವೆಬ್‌ಸೈಟಿನಲ್ಲಿ ಹಿಂದಿನ ಕೋಣೆಯ ಫೋಟೋ ಬಂತು. ಕಂಪ್ಯೂಟರುಗಳ ಮುಂದೆ ಕೈಕಟ್ಟಿ ನಿಂತವರು ಮುಖ್ಯಸ್ಥರು. ಅವರ ಮಾರ್ಗದರ್ಶನದಲ್ಲಿ ರೂಪುಗೊಂಡದ್ದು ಎಂದು ಕೆಳಗೆ ಬರೆದಿತ್ತು.

ಮೇಡಂ ಹುಬ್ಬಳ್ಳಿಯ ದವಾಖಾನೆಗೆ ಹೋಗುವಷ್ಟರಲ್ಲಿ ಎದೆಯ ಕ್ಯಾನ್ಸರ್ ಗಂಟು ಒಳಗೆಲ್ಲ ಹಬ್ಬಿತ್ತು. ನಾನು ಯಲಬುರ್ಗಾಕ್ಕೆ ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ತಲೆಯ ಮೇಲೆ ಕೂದಲಿರಲಿಲ್ಲ. ಕುಷ್ಟಗಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತೆಂದು ಹೇಳಿದೆ.

“ಕಾಯಂ ಏನು?”

“ಇಲ್ರಿ. ಗೆಸ್ಟ್.”

“ನೀನೂ ಅತಿಥಿ ಪಾವ್ಣೇರ ಪೈಕಿ ಆದಿ ಬಿಡು,” ಎಂದು ನಗಲು ಹೋಗಿ ಕೆಮ್ಮಿದರು. ಅದೇ ಕೊನೆಯ ಭೇಟಿ.

ಅವರು ಹೋದ ಕೆಲವೇ ದಿನಕ್ಕೆ ಮುಖ್ಯಸ್ಥರ ಫೋನು ಬಂತು. ಕಾಲುವೆಯ ಲೆಕ್ಕ ನಿಂತಿದೆ, ಯಾರಿಂದಲೂ ಆಗುತ್ತಿಲ್ಲ, ಆ ಮೇಡಂ ಫೋನ್ ಎತ್ತುತ್ತಿಲ್ಲ ಎಂದರು.

“ಅವರು ತೀರ್‍ಕೊಂಡ್ರು ಸರ್.”

“ಹೌದಾ? ಛೇ, ಪಾಪ. ನಿನಗ ಅದರದೆಲ್ಲಾ ಗೊತ್ತೈತೆಲ್ಲ? ಒಂದೀಟು ಬಂದು ಹೋಗು,” ಎಂದರು.

ಫೋನು ಎಸೆಯಬೇಕೆನಿಸಿತು. ಹೋದೆ. ಮೇಡಂ ಕಟ್ಟಿದ್ದು ಧೂಳು ತಿನ್ನುತ್ತ ನಿಂತಿರುವುದು ನನಗೆ ಆಗದ ಮಾತು. ಆ ವರ್ಷದ ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೇಳಿಕೊಟ್ಟ ಕ್ರಮದಲ್ಲೇ ನೋಡುತ್ತ ಹೋದೆ. ಮಷಿನ್‌ಗಳು ಬದುಕಿದ್ದವು, ವಿಳಾಸ ಸರಿಯಿತ್ತು, ಬಾಗಿಲು ಮುಚ್ಚಿತ್ತು. ಭದ್ರತೆಗೆಂದು ಹಾಕಿದ ಹೊಸ ಫೈರ್‌ವಾಲ್ ಎಲ್ಲರ ಮಾತನ್ನೂ ತಡೆದಿತ್ತು. ತೆರೆಸಿದೆ. ಇದನ್ನು ಕಟ್ಟಿದವರು ಯಾರು, ಅವರ ಊರು ಯಾವುದು, ಹೆಸರೇನು ಎಂದು ಮುಖ್ಯಸ್ಥರ ಎದುರಿಗೇ ಆ ಹುಡುಗ ಹುಡುಗಿಯರಿಗೆ ಹೇಳಿದೆ. ಮುಖ್ಯಸ್ಥರು ಅಲ್ಲಗಳೆಯಲಿಲ್ಲ. ಗೆರೆ ಹರಿಯುವುದನ್ನು ನೋಡುತ್ತ, “ಭಾಳ ಶಾಣ್ಯಾ ಹೆಣ್ಣುಮಗಳು ಆಕಿ,” ಎಂದರು.

ಜಾಣೆ ಎಂದ ಆ ಮಾತನ್ನು ಹೊತ್ತುಕೊಂಡು ಮರುದಿನವೇ ಯಲಬುರ್ಗಾಕ್ಕೆ ಹೋದೆ. ತಂಗಿಯ ಬಗ್ಗೆ ಕಾಲೇಜಿನವರು ಆಡಿದ ಒಂದು ಒಳ್ಳೆಯ ಮಾತಾದರೂ ಅಕ್ಕನ ಕಿವಿಗೆ ಬೀಳಲಿ ಎಂದು. ಅವರು ಹೊಲಿಯುತ್ತಲೇ ಕೇಳಿಸಿಕೊಂಡರು. ಅಂಚು ಮುಗಿಸಿ, ದಾರ ಹರಿದು, ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು.

“ಆ ಗಂಟು ಆಕಿಗೆ ಸಮಿತಿ ಬರೂದ್ಕಿಂತ ಮೊದಲ ಗೊತ್ತಿತ್ತವಾ. ನಡಿ ಹುಬ್ಬಳ್ಳಿಗೆ ಅಂದ್ರ, ಈಗ ಬಿಟ್ಟು ಹ್ವಾದ್ರ ಕೆಲಸ ಹೋಗ್ತೈತಕ್ಕಾ, ಸಮಿತಿ ಮುಗೀಲಿ ಅಂತಿದ್ಲು. ಮುಗದ್ ಮ್ಯಾಲೆ, ಫೋನು ಬರ್ತೈತಿ, ಬಂದ್ ಮ್ಯಾಲೆ ಹೋಗೂಣು ಅಂತ ಕುಂತ್ಲು.” ಬಟ್ಟೆ ಮಡಿಚಿ ಪಕ್ಕಕ್ಕಿಟ್ಟರು. “ಶಾಣ್ಯಾ ಅದಾಳ ಅನ್ನೂದು ಅವರಿಗೆ ಈಗ ತಿಳೀತೇನು, ಮೊದಲ ತಿಳಿದಿತ್ತೋ?”

ಮೊದಲೇ ತಿಳಿದಿತ್ತು ಎಂದು ನಾನು ಹೇಳಬೇಕಾಯಿತು.